ಕ್ಯಾಚ್ ಬಿಟ್ಟವರು ಸೋತರು, ಗೆದ್ದವರು ಏನು ಮಾಡಿದರು?

ಪ್ರಶ್ನೆ: ಲಾಸ್ ಏಂಜಲೀಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಳಿಯ 2024ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ (ಫೈನಲ್ ಸರಣಿ) ಕೊನೆಯ ಪಂದ್ಯದ ವಿಡಿಯೊ ತೋರಿಸಿದರು. ಅಲ್ಲಿನ ತಂಡ ಡಾಡ್ಜರ್ಸ್ ಆಟ ಅಮೋಘ ಅಂತ ಅವರ ಹೊಗಳಿಕೆ. ನನಗೆ ಕಂಡಿದ್ದು ಎದುರಾಳಿ ಯಾಂಕೀಸ್‌ನವರು ಕ್ಯಾಚ್ ಬಿಟ್ಟಿದ್ದು, ಎಲ್ಲೆಲ್ಲೋ ಚೆಂಡು ಎಸೆದದ್ದು. ಇದರಲ್ಲಿ ಗೆದ್ದವರ ಹೆಚ್ಚುಗಾರಿಕೆ ಏನು ಸಾರ್? ಬರೀ ಅದೃಷ್ಟ ಅಲ್ವಾ?
– ಓದುಗರೊಬ್ಬರು, ತುಮಕೂರು

ಉತ್ತರ: ಈ ವಾದದಲ್ಲಿ ನಾನು ನಿಮ್ಮ ಅಳಿಯನ ಕಡೆ. ಆ ಐದನೇ ಇನಿಂಗ್ಸನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ.

ಯಾಂಕೀಸ್ 5–0 ಮುಂದಿದ್ದರು. ಅವರ ಪಿಚರ್ (ಚೆಂಡು ಎಸೆಯುವವರು) ಗೆರಿಟ್ ಕೋಲ್ ಅಲ್ಲಿಯವರೆಗೆ ಒಂದು ಹಿಟ್ ಕೂಡ, ಅಂದರೆ ಬ್ಯಾಟರ್ ಬೇಸ್ ಸೇರುವಂಥ ಹೊಡೆತ, ಕೊಟ್ಟಿರಲಿಲ್ಲ. ಡಾಡ್ಜರ್ಸ್‌ನ ಕಿಕೆ ಹೆರ್ನಾಂಡೆಜ್ ಮೊದಲ ಹಿಟ್ ಹೊಡೆದರು. ಮುಂದಿನ ಹೊಡೆತ ಯಾಂಕೀಸ್‌ನ ಆರನ್ ಜಡ್ಜ್ ಕಡೆ ಹೋಯಿತು. ದಿನಾ ಹಿಡಿಯುವಂಥ ಕ್ಯಾಚ್, ಬಿಟ್ಟರು. ಆಮೇಲೆ ಆಂಟನಿ ವೋಲ್ಪಿ ಮೂರನೇ ಬೇಸ್‌ಗೆ ಎಸೆದ ಚೆಂಡು ನೆಲಕ್ಕೆ ಬಿದ್ದು ಪುಟಿದು, ಅಲ್ಲಿದ್ದವರ ಕೈಗೆ ಸಿಗಲಿಲ್ಲ. ಮೂರೂ ಬೇಸ್‌ನಲ್ಲಿ ಡಾಡ್ಜರ್ಸ್ ಓಟಗಾರರು ಭರ್ತಿ, ಒಂದೂ ಔಟ್ ಇಲ್ಲ.

ಇಷ್ಟೆಲ್ಲ ಆದಮೇಲೂ ಸ್ಕೋರು 5–0 ಹಾಗೇ ಇತ್ತು, ಗಮನಿಸಿದಿರಾ? ಕೋಲ್ ಮುಂದಿನ ಇಬ್ಬರನ್ನೂ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಮಾಡಿದರು. ಅವರಲ್ಲೊಬ್ಬರು ಡಾಡ್ಜರ್ಸ್‌ನ ದೊಡ್ಡ ಸ್ಟಾರ್ ಶೋಹೆ ಓಟಾನಿ! ಮೂರು ಔಟ್‌ಗೆ ಸರದಿ ಮುಗಿಯುತ್ತದೆ, ಇನ್ನೊಂದೇ ಒಂದು ಔಟ್ ಸಿಕ್ಕಿದ್ದರೆ ಆ ಎರಡು ತಪ್ಪುಗಳ ಸುದ್ದಿಯನ್ನು ಮರುದಿನ ಯಾರೂ ಎತ್ತುತ್ತಿರಲಿಲ್ಲ.

ಆಗ ಮೂಕಿ ಬೆಟ್ಸ್ ಹೊಡೆದದ್ದು ಫಸ್ಟ್ ಬೇಸ್ ಕಡೆಗೊಂದು ಮೆತ್ತನೆಯ ಉರುಳು ಚೆಂಡು. ಆಂಟನಿ ರಿಜ್ಜೊ ಹಿಡಿದರು. ಇಂಥ ಹೊತ್ತಲ್ಲಿ ಪಿಚರ್ ಓಡಿಹೋಗಿ, ಚೆಂಡು ಪಡೆದು, ಬ್ಯಾಟರ್‌ಗಿಂತ ಮೊದಲು ಫಸ್ಟ್ ಬೇಸ್ ಮುಟ್ಟಬೇಕು, ಶಾಲೆ ಹುಡುಗರಿಗೂ ಕಲಿಸುವ ಪಾಠ ಇದು. ಕೋಲ್ ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟರು, ನೀವೇ ಹೋಗಿ ಅನ್ನುವ ಹಾಗೆ ಬೇಸ್ ಕಡೆ ಕೈ ತೋರಿಸಿದರು. ಬೆಟ್ಸ್ ನಿಲ್ಲಲಿಲ್ಲ. ಇಂಥ ಹೊಡೆತಕ್ಕೆ ‘ಹೋಯ್ತು ಬಿಡು’ ಅಂತ ತಲೆ ತಗ್ಗಿಸಿ ಸುಮ್ನೆ ಜಾಗಿಂಗ್ ಮಾಡುವ ಸ್ಟಾರ್‌ಗಳಿಗೇನೂ ಬರವಿಲ್ಲ. ಇವರು ಮೊದಲ ಹೆಜ್ಜೆಯಿಂದಲೇ ಜೋರಾಗಿ ಓಡಿದರು. ಕೋಲ್ ನಿಲ್ಲುತ್ತಾರೆ ಅಂತ ಅವರಿಗೇನು ಕನಸು ಬಿದ್ದಿತ್ತೇ? ರಿಜ್ಜೊ ಬರುವಷ್ಟರಲ್ಲಿ ಬೆಟ್ಸ್ ಬೇಸ್ ದಾಟಿದ್ದರು, ಮೂರನೇ ಬೇಸ್‌ನಲ್ಲಿದ್ದವರು ಮನೆ (ಹೋಮ್ ಪ್ಲೇಟ್) ಸೇರಿ ಒಂದು ರನ್ ಬಂದಿತ್ತು. ನಾನು ನಿಮಗೆ ತೋರಿಸಬೇಕೆಂದಿದ್ದು ಈ ಓಟವನ್ನೇ.

ಆಮೇಲೆ ಫ್ರೆಡ್ಡಿ ಫ್ರೀಮನ್ ಹೊಡೆತಕ್ಕೆ ಎರಡು ರನ್, ತೆಯೋಸ್ಕರ್ ಹೆರ್ನಾಂಡೆಜ್ ಹೊಡೆತಕ್ಕೆ ಎರಡು. 5–5. ಇವೆರಡಕ್ಕೂ ಯಾಂಕೀಸ್‌ನವರ ಕೈತಪ್ಪು ಕಾರಣ ಅಲ್ಲ, ಅಪ್ಪಟ ಹೊಡೆತಗಳು.

ಒಂದು ತಮಾಷೆ ಇದೆ. ಕೋಲ್ ಓಡದೆ ನಿಂತದ್ದು ಸ್ಕೋರ್ ಪುಸ್ತಕದಲ್ಲಿ ‘ಎರರ್’ ಅಂತ ಬರಲೇ ಇಲ್ಲ, ಬೆಟ್ಸ್‌ಗೆ ಹಿಟ್ ಸಿಕ್ಕಿತು. ಕೈ ತಪ್ಪಿದರೆ ಎರರ್, ತಲೆ ಓಡದಿದ್ದರೆ ಅಲ್ಲ! ಉಳಿದ ಎರರ್‌ಗಳ ಲೆಕ್ಕದಲ್ಲಿ ಆ ಐದೂ ರನ್ ಕೋಲ್ ಖಾತೆಗೆ ‘ಅರ್ನ್ಡ್ ರನ್’ ಆಗಿ, ಅಂದರೆ ಪಿಚರ್‌ನದೇ ಹೊಣೆಯ ರನ್ ಆಗಿ, ಬೀಳಲಿಲ್ಲ. ನನಗೆ ಈ ನಿಯಮ ಇಷ್ಟವಿಲ್ಲ, ಇರಲಿ.

ಯಾಂಕೀಸ್ ಮತ್ತೆ 6–5 ಮುಂದೆ ಹೋದರು. ಎಂಟನೇ ಇನಿಂಗ್ಸ್‌ನಲ್ಲಿ ಡಾಡ್ಜರ್ಸ್ ದೊಡ್ಡ ಹೊಡೆತದ ಗೋಜಿಗೇ ಹೋಗಲಿಲ್ಲ. ಎರಡು ಸ್ಯಾಕ್ರಿಫೈಸ್ ಫ್ಲೈ, ಅಂದರೆ ಕ್ಯಾಚ್ ಕೊಟ್ಟು ತಾನು ಔಟಾದರೂ ಮೂರನೇ ಬೇಸ್‌ನಲ್ಲಿರುವವರನ್ನು ಮನೆ ಸೇರಿಸೋದು. 7–6. ಸರಣಿ 4–1.

ಇನ್ನು ಅದೃಷ್ಟದ ಮಾತು. 1941ರಲ್ಲಿ ಇದೇ ಎರಡು ತಂಡ, ಪಾತ್ರ ಮಾತ್ರ ಅದಲು ಬದಲು. ಡಾಡ್ಜರ್ಸ್ ಆಗ ಬ್ರೂಕ್ಲಿನ್‌ನಲ್ಲಿದ್ದರು. ನಾಲ್ಕನೇ ಪಂದ್ಯ, ಒಂಬತ್ತನೇ ಇನಿಂಗ್ಸ್, 4–3 ಮುಂದೆ, ಎರಡು ಔಟ್. ಯಾಂಕೀಸ್‌ನ ಟಾಮಿ ಹೆನ್ರಿಕ್ ಬೀಸಿದ ಬ್ಯಾಟಿಗೆ ಚೆಂಡು ತಗುಲಲಿಲ್ಲ. ಮೂರನೇ ಸ್ಟ್ರೈಕ್, ಆಟ ಮುಗಿಯಬೇಕು. ಆದರೆ ಕ್ಯಾಚರ್ (ಬ್ಯಾಟರ್ ಹಿಂದೆ ನಿಂತು ಚೆಂಡು ಹಿಡಿಯುವವರು) ಮಿಕಿ ಓವನ್ ಚೆಂಡು ಬಿಟ್ಟರು. ಮೂರನೇ ಸ್ಟ್ರೈಕನ್ನು ಕ್ಯಾಚರ್ ಹಿಡಿಯದಿದ್ದರೆ ಹೀಗೆ ಬ್ಯಾಟರ್ ಓಡಬಹುದು. ಹೆನ್ರಿಕ್ ಓಡಿದರು. ಹಿಂದೆಯೇ ಡಿಮ್ಯಾಜಿಯೊ ಹಿಟ್, ಕೆಲ್ಲರ್ ಡಬಲ್ (ಎರಡು ಬೇಸಿನ ಹೊಡೆತ), ಡಿಕಿ ವಾಕ್ (ಕೆಟ್ಟ ಎಸೆತಗಳಿಂದ ಪುಕ್ಕಟೆ ಬೇಸ್), ಗಾರ್ಡನ್ ಡಬಲ್. ನಾಲ್ಕು ರನ್, ಯಾಂಕೀಸ್‌ಗೆ 7–4 ಗೆಲುವು. ಮರುದಿನವೂ ಗೆದ್ದು ಸರಣಿಯನ್ನೇ ಹೊತ್ತೊಯ್ದರು. ಓವನ್ ಕೈತಪ್ಪಿನಿಂದ ಸಿಕ್ಕಿದ್ದು ಒಂದು ಬೇಸ್ ಅಷ್ಟೇ, ಅದನ್ನು ಗೆಲುವು ಮಾಡಿದ್ದು ಆಮೇಲಿನ ಆಟ. ಬೆಟ್ಸ್ ಓಟದ ಕಥೆಯೂ ಇದೇ.