ಊರಿಗೆ ಹೋಗಿ ಕಾಗದ ಬರೀತೀವಿ

ಓದುಗರ ಪತ್ರ:

ನಾವು ಮೈಸೂರಿನಲ್ಲಿ ಒಂದು ಹಳೆ ಮನೆ ಕೊಳ್ಳಬೇಕೆಂದು ಎರಡು ತಿಂಗಳಿಂದ ಓಡಾಡುತ್ತಿದ್ದೇವೆ. ಒಬ್ಬ ಬ್ರೋಕರ್ ಇದುವರೆಗೆ ಹನ್ನೊಂದು ಮನೆ ತೋರಿಸಿದ್ದಾರೆ. ಪ್ರತಿ ಸಲವೂ ಸಂಜೆ ಫೋನ್ ಮಾಡಿ, "ಹೇಗನ್ನಿಸ್ತು ಮೇಡಂ?" ಅಂತ ಕೇಳುತ್ತಾರೆ. "ಮನೇಲಿ ಮಾತಾಡಿ ಹೇಳ್ತೀನಿ" ಅನ್ನುತ್ತೇನೆ. ಆಮೇಲೆ ಅವರ ಫೋನ್ ಎತ್ತುವುದಿಲ್ಲ. ಹೋದ ವಾರ ಕುವೆಂಪುನಗರದಲ್ಲಿ ಒಂದು ಮನೆ ನೋಡಿದೆವು. ವಯಸ್ಸಾದ ಗಂಡ ಹೆಂಡತಿ. ಕಾಫಿ ಕೊಟ್ಟರು, ಹೊರಡುವಾಗ ಅರಿಶಿನ ಕುಂಕುಮ ಕೊಟ್ಟರು. ಆದರೆ ಅಡುಗೆಮನೆಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಲೈಟ್ ಹಾಕಬೇಕು. ನಮಗೆ ಆ ಮನೆ ಬೇಡ. ಅದನ್ನು ಹೇಗೆ ಹೇಳಲಿ? ನಮ್ಮಣ್ಣ, "ಬ್ರೋಕರಿಗೆ ಏನೂ ಹೇಳಬೇಡ, ಹೇಳಿದ್ದೆಲ್ಲ ನಿನಗೇ ತಿರುಗುತ್ತೆ" ಅನ್ನುತ್ತಾರೆ. ನಿಜ ಹೇಳಲೇಬೇಕಾ?

– ಹೆಸರು ಬೇಡವೆಂದ ಓದುಗರು, ಮೈಸೂರು

ಸಂಪಾದಕರ ಉತ್ತರ:

ಹೇಳಲೇಬೇಕು. ಅದೂ ಕಾರಣದ ಸಮೇತ ಹೇಳಬೇಕು.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. "ಆಮೇಲೆ ಫೋನ್ ಎತ್ತುವುದಿಲ್ಲ" ಎಂಬ ಸಾಲಿಗೆ ಬಂದಾಗಲೆಲ್ಲ ನಮ್ಮ ತಾತನ ನೆನಪಾಯಿತು. 1960ರ ದಶಕದ ಕೊನೆಯ ಮಾತು. ಊರು ತಿಪಟೂರಿನ ಹತ್ತಿರ. ನಮ್ಮ ಚಿಕ್ಕಮ್ಮನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಉಪ್ಪಿಟ್ಟು, ಕೇಸರಿಬಾತು ತಿಂದರು. ಹಾಡಿಸಿದರು. ಎರಡು ಹೆಜ್ಜೆ ನಡೆಸಿಯೂ ನೋಡಿದರು. ಏಳುವಾಗ, "ಊರಿಗೆ ಹೋಗಿ ಕಾಗದ ಬರೀತೀವಿ" ಅಂದರು. ಅವತ್ತಿನಿಂದ ತಾತ ದಿನಾ ಹನ್ನೊಂದು ಗಂಟೆಗೆ ಜಗುಲಿಯ ಮೇಲೆ ಕೂರುತ್ತಿದ್ದರು. ಪೋಸ್ಟ್‌ಮ್ಯಾನ್ ಸೈಕಲ್ಲು ಬರುವ ಹೊತ್ತು ಅದು. ನಾಲ್ಕು ತಿಂಗಳು ಕೂತರು. ಆ ನಡುವೆ ಬಂದ ಇನ್ನೊಂದು ಸಂಬಂಧವನ್ನು, "ಅವರ ಕಾಗದ ಬರಲಿ, ಮಾತು ಕೊಟ್ಟಿದ್ದಾರೆ" ಅಂತ ಬಿಟ್ಟುಬಿಟ್ಟರು. ಕಾಗದ ಬರಲೇ ಇಲ್ಲ. ಬೇಡ ಎಂದು ಒಂದು ಕಾರ್ಡು ಹಾಕಿದ್ದರೆ ನಮ್ಮ ಚಿಕ್ಕಮ್ಮನ ಬದುಕಿನ ಒಂದು ವರ್ಷ ಉಳಿಯುತ್ತಿತ್ತು. ಆ ಜನ ಕೆಟ್ಟವರೇನಲ್ಲ. ಬಾಯಿಬಿಟ್ಟು ಬೇಡ ಅನ್ನುವುದಕ್ಕೆ ಸಂಕೋಚ, ಅಷ್ಟೆ. ನಿಮ್ಮ ಹಾಗೆ.

"ಮನೇಲಿ ಮಾತಾಡಿ ಹೇಳ್ತೀನಿ" ಅನ್ನುವುದು ಅದೇ ಕಾಗದ. ಇವತ್ತು ಮೈಸೂರಿನಲ್ಲಿ ನಿಮ್ಮ ಬ್ರೋಕರ್ ಅದಕ್ಕೆ ಕಾಯುತ್ತಿದ್ದಾರೆ. ಕುವೆಂಪುನಗರದ ಆ ಹಿರಿಯರೂ ಕಾಯುತ್ತಿದ್ದಾರೆ.

ಮೊದಲು ನಿಮ್ಮಣ್ಣನ ಮಾತಿಗೆ ಬರುತ್ತೇನೆ. ಅವರು ಹೇಳಿದ್ದರಲ್ಲಿ ಸ್ವಲ್ಪ ನಿಜ ಇದೆ. ನಮ್ಮಲ್ಲಿ ಬ್ರೋಕರ್ ಕೊಳ್ಳುವವರ ಹತ್ತಿರವೂ ಕಮಿಷನ್ ತೆಗೆದುಕೊಳ್ಳುತ್ತಾರೆ, ಮಾರುವವರ ಹತ್ತಿರವೂ ತೆಗೆದುಕೊಳ್ಳುತ್ತಾರೆ. ನೂರಕ್ಕೆ ಒಂದೋ ಎರಡೋ ರೂಪಾಯಿ. ಬೆಲೆ ಏರಿದರೆ ಕಮಿಷನ್ನೂ ಏರುತ್ತದೆ. ಹಾಗಾಗಿ ನಿಮ್ಮ ಕೈಯಲ್ಲಿ ಎಷ್ಟಿದೆ, ಬ್ಯಾಂಕ್ ಸಾಲ ಎಷ್ಟು ಸಿಕ್ಕಿದೆ, ಯಾವ ತಿಂಗಳ ಒಳಗೆ ಮನೆ ಆಗಲೇಬೇಕು ಎಂಬುದನ್ನೆಲ್ಲ ಅವರಿಗೆ ಹೇಳಬೇಕಿಲ್ಲ. ಸ್ಟೀವನ್ ಲೆವಿಟ್ ಮತ್ತು ಚಾಡ್ ಸೈವರ್ಸನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಶಿಕಾಗೊ ಸುತ್ತಮುತ್ತ ಮಾರಾಟವಾದ ಸುಮಾರು 1 ಲಕ್ಷ ಮನೆಗಳ ಲೆಕ್ಕ ಹಿಡಿದು 2008ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಏಜೆಂಟರು ತಮ್ಮ ಸ್ವಂತ ಮನೆ ಮಾರುವಾಗ ಸುಮಾರು ಹತ್ತು ದಿನ ಜಾಸ್ತಿ ಕಾಯುತ್ತಾರೆ, ಬೆಲೆಯೂ ನೂರಕ್ಕೆ 3.7ರಷ್ಟು ಜಾಸ್ತಿ ಬರುತ್ತದೆ ಎಂದು ಅದರಲ್ಲಿ ತೋರಿಸಿದರು. ಬೇರೆಯವರ ಮನೆಯಾದರೆ ಬೇಗ ಮುಗಿಸುವ ಆತುರ. ಅದಕ್ಕೆ ನಿಮ್ಮಣ್ಣ ಹುಷಾರಾಗಿರು ಅನ್ನುವುದು ಸರಿ.

ಆದರೆ ಹುಷಾರಾಗಿರುವುದು ಬೇರೆ, ಮೂಕರಾಗಿರುವುದು ಬೇರೆ. ನಿಮ್ಮ ಜೇಬಿನ ಮಾತು ನಿಮ್ಮ ಹತ್ತಿರವೇ ಇರಲಿ. ಆ ಮನೆಯ ಬಗ್ಗೆ ನಿಮಗೆ ಅನ್ನಿಸಿದ್ದನ್ನು ಬಚ್ಚಿಟ್ಟು ನಿಮಗೇನು ಲಾಭ? ಅಡುಗೆಮನೆ ಕತ್ತಲು ಅಂದರೆ ಬ್ರೋಕರ್ ಬೆಲೆ ಏರಿಸುತ್ತಾರಾ? ಹನ್ನೊಂದು ಮನೆ ತೋರಿಸಿದ ಮನುಷ್ಯನಿಗೆ ನಿಮಗೆ ಏನು ಬೇಕು ಅನ್ನುವುದು ಇವತ್ತಿಗೂ ಗೊತ್ತಿಲ್ಲ. ಗೊತ್ತಾಗುವುದಾದರೂ ಹೇಗೆ? ಎರಡನೇ ಮನೆ ನೋಡಿದಾಗಲೇ, "ನನಗೆ ಅಡುಗೆಮನೆಗೆ ಬೆಳಕು ಬೇಕು, ದಿಕ್ಕು ಯಾವುದಾದರೂ ಆಗಬಹುದು" ಅಂದಿದ್ದರೆ ಆಮೇಲಿನ ಒಂಬತ್ತರಲ್ಲಿ ನಾಲ್ಕು ಮನೆಗೆ ನೀವು ಹೋಗುವುದೇ ಬೇಕಿರಲಿಲ್ಲ.

ಅವರ ಕಡೆಯಿಂದಲೂ ಸ್ವಲ್ಪ ನೋಡಿ. 80 ಲಕ್ಷದ ಮನೆ ಮಾರಿದರೆ ನೂರಕ್ಕೆ ಒಂದರಂತೆ 80 ಸಾವಿರ ಬರುತ್ತದೆ. ಕೇಳಲು ದೊಡ್ಡ ದುಡ್ಡು. ಆದರೆ ವ್ಯಾಪಾರ ಕುದುರುವವರೆಗೆ ಒಂದು ರೂಪಾಯಿಯೂ ಇಲ್ಲ. ಪೆಟ್ರೋಲ್ ಅವರದು, ಭಾನುವಾರ ಅವರದು, ಓನರ್ ಹತ್ತಿರ ಬೀಗದ ಕೈ ಇಸಿದುಕೊಂಡು ಬಂದು ಬಿಸಿಲಲ್ಲಿ ಗೇಟಿನ ಮುಂದೆ ನಿಲ್ಲುವುದೂ ಅವರೇ. ನಮ್ಮ ಪತ್ರಿಕೆಗೆ ಬಹಳ ವರ್ಷದಿಂದ ಚಂದಾದಾರರಾಗಿರುವ ಒಬ್ಬ ಬ್ರೋಕರ್ ಒಮ್ಮೆ ಆಫೀಸಿಗೆ ಬಂದಿದ್ದರು. ಅವರು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ಸಾರ್, ಬೇಡ ಅಂದ್ರೆ ನನಗೆ ಬೇಜಾರಿಲ್ಲ. ದಿನಾ ಹತ್ತು ಜನ ಅಂತಾರೆ. ಫೋನ್ ಕಟ್ ಮಾಡ್ತಾರಲ್ಲ, ಆವಾಗ ನಾನೇನೋ ಕದ್ದಿದೀನಿ ಅನ್ನಿಸುತ್ತೆ."

ಬ್ರೋಕರ್ ಅಂದರೆ ನಮಗೆ ತಾತ್ಸಾರ. ದಲ್ಲಾಳಿ ಅನ್ನುವ ಮಾತನ್ನೇ ಬೈಗುಳ ಮಾಡಿಕೊಂಡಿದ್ದೇವೆ. ಮೋಸಗಾರರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ರಿಯಲ್ ಎಸ್ಟೇಟ್ ವ್ಯವಹಾರಕ್ಕೆ ಕಡಿವಾಣ ಹಾಕಲು ಬಂದ 2016ರ ರೇರಾ ಕಾಯ್ದೆ ಏಜೆಂಟರು ನೋಂದಣಿ ಮಾಡಿಸಿಕೊಳ್ಳಬೇಕು, ಸುಳ್ಳು ಹೇಳಿ ಮಾರಬಾರದು ಎಂದು ಕಟ್ಟುಮಾಡಿದೆ. ತಪ್ಪಿದರೆ ದಿನಕ್ಕೆ 10 ಸಾವಿರದಂತೆ ದಂಡವೂ ಇದೆ. ಆದರೆ ಅದು ರೇರಾದಲ್ಲಿ ನೋಂದಾಯಿಸಿದ ಪ್ರಾಜೆಕ್ಟುಗಳ ಮಾರಾಟಕ್ಕೆ. ನಿಮ್ಮ ಹಾಗೆ ಹಳೆ ಬಡಾವಣೆಯಲ್ಲಿ ಹಳೆ ಮನೆ ಹುಡುಕುವವರಿಗೂ, ಅದನ್ನು ತೋರಿಸುವ ಬ್ರೋಕರಿಗೂ ನಡುವೆ ಸಾಮಾನ್ಯವಾಗಿ ಇರುವುದು ಬಾಯಿಮಾತು. ಆ ಬಾಯಿಮಾತನ್ನೂ ನಾವು ಕೊಡದಿದ್ದರೆ? ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞ 1970ರಲ್ಲಿ ಹಳೆ ಕಾರುಗಳ ವ್ಯಾಪಾರದ ಬಗ್ಗೆ ಬರೆದಿದ್ದರು. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಅಂತ ಕೊಳ್ಳುವವನಿಗೆ ಗೊತ್ತಾಗದೆ ಹೋದರೆ ಒಳ್ಳೆಯ ಕಾರಿನವರು ನಿಧಾನವಾಗಿ ಪೇಟೆ ಬಿಟ್ಟೇ ಹೋಗುತ್ತಾರೆ ಎಂಬುದು ಅವರ ವಾದ. ಅವರಿಗೆ 2001ರಲ್ಲಿ ನೊಬೆಲ್ ಬಂತು. ಮನೆಯ ವ್ಯಾಪಾರವೂ ಹಾಗೇ. ಇದ್ದದ್ದು ಇದ್ದ ಹಾಗೆ ತೋರಿಸಿದ ಬ್ರೋಕರಿಗೂ, ಸೋರುವ ಗೋಡೆಗೆ ಕ್ಯಾಲೆಂಡರ್ ನೇತುಹಾಕಿಸಿದವನಿಗೂ ನಮ್ಮಿಂದ ಸಿಗುವುದು ಒಂದೇ ಮೌನ. ಹಾಗಿದ್ದ ಮೇಲೆ ಒಳ್ಳೆಯವನು ಯಾಕೆ ಒಳ್ಳೆಯವನಾಗಿ ಉಳಿಯಬೇಕು?

ಈಗ ಮನೆ ಮಾರುವವರ ಪಾಡು ಹೇಳುತ್ತೇನೆ. ಇದು ನನ್ನದೇ ಅನುಭವ. 2004ರಲ್ಲಿ ಹಾಸನದಲ್ಲಿದ್ದ ನಮ್ಮಪ್ಪನ ಮನೆ ಮಾರಬೇಕಾಗಿ ಬಂತು. ಏಳು ತಿಂಗಳಲ್ಲಿ ಇಪ್ಪತ್ತೆರಡು ಜನ ನೋಡಿಕೊಂಡು ಹೋದರು. ಎಲ್ಲರೂ "ಮನೆ ಚೆನ್ನಾಗಿದೆ" ಅಂದರು. ಒಬ್ಬರೂ ತಿರುಗಿ ಬರಲಿಲ್ಲ. ಬೆಲೆ ಜಾಸ್ತಿಯಾಯಿತೇನೋ ಅಂತ ಎರಡು ಸಲ ಇಳಿಸಿದೆವು. ವಾಸ್ತು ನೋಡಿಸು ಅಂತ ಯಾರೋ ಹೇಳಿದರು, ಅದಕ್ಕೂ ದುಡ್ಡು ಕೊಟ್ಟೆವು. ಇಪ್ಪತ್ತಮೂರನೆಯವರು ಒಬ್ಬ ರಿಟೈರ್ಡ್ ಮೇಷ್ಟ್ರು. ಮನೆಯೆಲ್ಲ ನೋಡಿ, ಚಪ್ಪಲಿ ಹಾಕಿಕೊಳ್ಳುತ್ತಾ, "ತಪ್ಪು ತಿಳೀಬೇಡಿ, ನನಗೆ ಈ ಮನೆ ಬೇಡ. ಹಾಲ್‌ಗೆ ಕಾಲಿಟ್ಟ ತಕ್ಷಣ ಮುಗ್ಗಲು ವಾಸನೆ ಬರುತ್ತೆ. ಬಚ್ಚಲುಮನೆಯಿಂದ ಗೋಡೆಗೆ ನೀರು ಇಳೀತಿದೆ. ನಿಮಗೆ ಅಭ್ಯಾಸ ಆಗಿಬಿಟ್ಟಿದೆ, ಅದಕ್ಕೇ ಗೊತ್ತಾಗ್ತಿಲ್ಲ" ಅಂದರು.

ನಮ್ಮಪ್ಪನ ಮುಖ ಸಣ್ಣಗಾಯಿತು. ಆ ಮನೆ ಅವರು ಇಟ್ಟಿಗೆ ಇಟ್ಟಿಗೆ ಎಣಿಸಿ ಕಟ್ಟಿಸಿದ್ದು. ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಪ್ಲಂಬರನ್ನು ಕರೆಸಿದರು. ಬಚ್ಚಲಿನ ಹಳೆ ಪೈಪು ತೂತಾಗಿತ್ತು. 18 ಸಾವಿರ ಖರ್ಚಾಯಿತು, ಗಾರೆ ಕೆಲಸವೂ ಸೇರಿ. ಮನೆ ಐದು ವಾರಕ್ಕೆ ಹೋಯಿತು. "ಚೆನ್ನಾಗಿದೆ" ಅಂದ ಇಪ್ಪತ್ತೆರಡು ಜನರಲ್ಲಿ ಒಬ್ಬರ ಮುಖವೂ ನನಗೆ ನೆನಪಿಲ್ಲ. ಆ ಮೇಷ್ಟ್ರನ್ನು ನಮ್ಮಪ್ಪ ಕೊನೆಯವರೆಗೂ ನೆನೆಸಿಕೊಳ್ಳುತ್ತಿದ್ದರು.

ಕಾಗದಪತ್ರದ ವಿಷಯದಲ್ಲಂತೂ ಸುಮ್ನಿರುವುದು ಇನ್ನೂ ಕೆಟ್ಟದ್ದು. ನಮ್ಮ ಸಹೋದ್ಯೋಗಿಯೊಬ್ಬರು ಒಂದು ಮನೆ ಮೆಚ್ಚಿ ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ಸಾಲ, ಮಾರಾಟಗಳ ವಿವರ ಇರುವ ಪತ್ರ) ತೆಗೆಸಿದರು. ಹತ್ತು ವರ್ಷದ ಹಿಂದಿನ ಸಾಲದ ಅಡಮಾನ ಅದರಲ್ಲಿ ಹಾಗೇ ಕಾಣುತ್ತಿತ್ತು. ಹೆದರಿ ಬಿಟ್ಟುಬಿಟ್ಟರು, ಯಾರಿಗೂ ಹೇಳಲಿಲ್ಲ. ಒಂದು ವರ್ಷದ ಮೇಲೆ ಗೊತ್ತಾಯಿತು, ಮನೆಯವರು ಸಾಲ ಯಾವಾಗಲೋ ತೀರಿಸಿದ್ದರು. ತೀರಿಸಿದ ಪತ್ರವನ್ನು ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ನೋಂದಾಯಿಸಿರಲಿಲ್ಲ. ಅಷ್ಟರಲ್ಲಿ ಮತ್ತೆಷ್ಟು ಜನ ಇದೇ ಇ.ಸಿ. ನೋಡಿ ಇದೇ ಥರ ಸದ್ದಿಲ್ಲದೆ ಜಾರಿಕೊಂಡರೋ!

ನಮ್ಮ ಅಕ್ಕನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಮನೆ ನೋಡಿ ಬಂದ ಮೇಲೆ ಮಾರುವವರ ಏಜೆಂಟ್ ಕಡೆಯಿಂದ ಮೆಸೇಜ್ ಬರುವ ವಾಡಿಕೆ ಇದೆ. ಬೆಲೆ ಹೇಗನ್ನಿಸಿತು, ಏನು ಹಿಡಿಸಲಿಲ್ಲ ಅಂತ ಕೇಳುತ್ತಾರೆ. ಅಲ್ಲೂ ಎಲ್ಲರೂ ಉತ್ತರ ಕೊಡುವುದಿಲ್ಲವಂತೆ. ಆದರೆ ಕೇಳುವುದೂ ಹೇಳುವುದೂ ಅವಮಾನ ಅಂತ ಯಾರೂ ತಿಳಿಯುವುದಿಲ್ಲ. ನಮ್ಮಲ್ಲಿ "ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ" ಅಂತ ಗಾದೆಯನ್ನೇ ಮಾಡಿಕೊಂಡು ಕೂತಿದ್ದೇವೆ. ಒದೆಸಿಕೊಂಡವರು ಎಷ್ಟು ಜನ? ನಾನಂತೂ ನೋಡಿಲ್ಲ. ಬೇಡ ಎಂದು ಮೆಲ್ಲಗೆ, ಕಾರಣ ಹೇಳಿ ಹೇಳಿದವರಿಗೆ ಜನ ಗೌರವ ಕೊಟ್ಟಿದ್ದನ್ನೇ ನೋಡಿದ್ದೇನೆ.

ಇದು ಬರೀ ಸಂಕೋಚವಾಗಿದ್ದರೆ ಇಷ್ಟು ಉದ್ದ ಬರೆಯುತ್ತಿರಲಿಲ್ಲ. ಬಾಡಿಗೆ ಮನೆಯ ಕಡೆ ಒಂದು ಸಲ ನೋಡಿ. ಅಲ್ಲಿ ಮನೆ ನೋಡುವವರು ಬಾಯಿ ಮುಚ್ಚುವುದಕ್ಕಿಂತ ಓನರ್‌ಗಳು ಮುಚ್ಚುವುದು ಜಾಸ್ತಿ. ಹುಡುಗ ಹುಡುಗಿಯರು ಬರುತ್ತಾರೆ, ಮನೆ ಹಿಡಿಸುತ್ತದೆ, ಅಡ್ವಾನ್ಸ್ ತರಲೇ ಅಂತ ಕೇಳುತ್ತಾರೆ. ಓನರ್ ಬಂದವರ ಹೆಸರು ಕೇಳಿ, ಊಟ ಯಾವುದು ಅಂತ ಕೇಳಿ, ಸಂಜೆಗೆ ಬ್ರೋಕರ್ ಕೈಲಿ "ಮನೆ ಆಗಲೇ ಹೋಯ್ತು" ಅಂತ ಹೇಳಿಸುತ್ತಾರೆ. ಮರುವಾರ ಅದೇ ಗೇಟಿನಲ್ಲಿ ಅದೇ ಟು-ಲೆಟ್ ಬೋರ್ಡು ನೇತಾಡುತ್ತಿರುತ್ತದೆ. ಧರ್ಮ ನೋಡಿ, ಜಾತಿ ನೋಡಿ, ಮದುವೆಯಾಗಿಲ್ಲ ಅಂತ ನೋಡಿ ಕೊಡಲಿಲ್ಲ ಎಂಬ ನಿಜವನ್ನು ಬಾಯಿಬಿಟ್ಟು ಹೇಳಬೇಕಾಗಿ ಬಂದರೆ ಎಷ್ಟು ಓನರ್‌ಗಳಿಗೆ ನಾಚಿಕೆಯಾಗುತ್ತಿತ್ತು! ಆ ನಾಚಿಕೆ ಆಗಬಾರದು ಅಂತಲೇ "ಹೋಯ್ತು" ಅನ್ನುವ ಸುಳ್ಳು. ಅದಕ್ಕೆ ನಾವು ನಯ, ಸಂಕೋಚ, ದಾಕ್ಷಿಣ್ಯ ಅಂತ ಹೆಸರಿಟ್ಟಿದ್ದೇವೆ. ನಮ್ಮ ದಾಕ್ಷಿಣ್ಯದ ಕೆಳಗೆ ಏನೇನು ಅಡಗಿದೆ ಅಂತ ನೆನೆದರೆ ನನಗೆ ಸಂಕಟವಾಗುತ್ತದೆ.

ಕೆಲಸಕ್ಕೆ ಇಂಟರ್‌ವ್ಯೂ ಕೊಟ್ಟು ಬಂದ ಹುಡುಗರಿಗೂ ಇದೇ ಗತಿ. "ತಿಳಿಸ್ತೀವಿ" ಅನ್ನುತ್ತಾರೆ, ತಿಳಿಸುವುದಿಲ್ಲ. ಕಥೆ ಕಳಿಸಿದ ಹೊಸಬರಿಗೆ ಪತ್ರಿಕೆಗಳೂ ಹೀಗೇ ಮಾಡುತ್ತವೆ. ನಮ್ಮಲ್ಲಿ ವಾಪಸ್ ಕಳಿಸುವ ಪ್ರತಿ ಕಥೆಗೂ ಯಾಕೆ ಬೇಡ ಅಂತ ಎರಡು ಸಾಲು ಬರೆಯಲೇಬೇಕೆಂದು ಇಟ್ಟುಕೊಂಡಿದ್ದೇವೆ. ಅದರಿಂದ ಸಿಟ್ಟಾದವರು ಕೆಲವರಿದ್ದಾರೆ. ಎರಡು ವರ್ಷ ಬಿಟ್ಟು ಅದೇ ಕಥೆಯನ್ನು ತಿದ್ದಿ ಕಳಿಸಿ, ಅಚ್ಚಾದ ಮೇಲೆ ಫೋನ್ ಮಾಡಿ ಅತ್ತವರೂ ಇದ್ದಾರೆ.

ಇರಲಿ, ನಿಮ್ಮ ಅಡುಗೆಮನೆಗೆ ಬರುತ್ತೇನೆ. ಅರಿಶಿನ ಕುಂಕುಮ ಕೊಟ್ಟವರ ಮುಖ ನೋಡಿ ಹೇಳುವುದು ಕಷ್ಟ, ಒಪ್ಪುತ್ತೇನೆ. ಅದಕ್ಕೇ ಅಲ್ವಾ ನಡುವೆ ಬ್ರೋಕರ್ ಇರುವುದು! ಫೋನ್ ಮಾಡಿ, "ಮನೆ ಬೇಡ" ಅಂತ ಮೊದಲೇ ಹೇಳಿಬಿಡಿ, ಆಸೆ ಉಳಿಸಬೇಡಿ. "ಚೆನ್ನಾಗಿಲ್ಲ" ಅಂತ ಮಾತ್ರ ಅನ್ನಬೇಡಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. "ಅಡುಗೆಮನೆಯಲ್ಲಿ ಮಧ್ಯಾಹ್ನವೂ ಲೈಟ್ ಬೇಕು, ಬೆಲೆ ಇಳಿಸಿದರೂ ನಮಗೆ ಅದು ಆಗುವುದಿಲ್ಲ" ಅನ್ನಿ. ಆ ಹಿರಿಯರಿಗೆ ತಿಳಿಸಿ ಎಂದೂ ಹೇಳಿ. ನೀವು ಒಬ್ಬರು ಹೇಳಿದರೆ ಅವರು ನಂಬಲಿಕ್ಕಿಲ್ಲ. ನಾಲ್ಕು ಜನ ಅದೇ ಮಾತು ಹೇಳಿದರೆ ಪಕ್ಕದ ಗೋಡೆಯಲ್ಲಿ ಒಂದು ಕಿಟಕಿ ಒಡೆಸಬಹುದೇ ಅಂತ ಮೇಸ್ತ್ರಿಯನ್ನು ಕೇಳುತ್ತಾರೆ. ಕಾಫಿ ಚೆನ್ನಾಗಿತ್ತು ಅಂತ ಹೇಳುವುದನ್ನೂ ಮರೆಯಬೇಡಿ, ಅದೂ ನಿಜ ತಾನೇ?

ಹಿಂದಿನ ಹತ್ತು ಮನೆಗಳದ್ದೂ ಬಾಕಿ ಇದೆ. ಒಂದು ಹಾಳೆಯಲ್ಲಿ ಬರೆದುಕೊಂಡು ಒಂದೇ ಸಲಕ್ಕೆ ಹೇಳಿ ಮುಗಿಸಿ. ಅರ್ಧ ಗಂಟೆ ಸಾಕು. ಹನ್ನೆರಡನೇ ಮನೆ ಹೇಗಿತ್ತು ಅಂತ ನಮಗೂ ಬರೆಯಿರಿ. ಕಾಯುತ್ತಿರುತ್ತೇನೆ.

– ಸಂ.