ಓದುಗರ ಪ್ರಶ್ನೆ: ನೀರು ಕಾಯುವ ಕುಟುಂಬಕ್ಕೆ ಹಣ ಕೊಟ್ಟರೆ ಅದರ ಬದುಕು ಸುಧಾರಿಸುತ್ತದೆಯೇ?

ಪ್ರಶ್ನೆ: ಸೂಳೆಕೆರೆಗೆ ನೀರು ಹರಿದು ಬರುವ ಇಳಿಜಾರಿನ ಹೊಲಗಳನ್ನು ಉಳುವುದು ಬಿಟ್ಟು ಅಲ್ಲಿ ಹುಲ್ಲು, ಮರ ಬೆಳೆಸುವ ಕುಟುಂಬಗಳಿಗೆ ಎಕರೆಗೆ ಇಂತಿಷ್ಟೆಂದು ವರ್ಷ ವರ್ಷ ಹಣ ಕೊಡಬೇಕು, ಆ ಕೆರೆಯ ನೀರನ್ನು ಕುಡಿಯುವ ಚಿತ್ರದುರ್ಗದಂಥ ಊರುಗಳೂ ಅದಕ್ಕೆ ಪಾಲು ಹಾಕಬೇಕು ಎಂಬ ಮಾತು ನಮ್ಮಲ್ಲಿ ಆಗಾಗ ಬರುತ್ತದೆ. ಅಂಥ ಯೋಜನೆ ಬಂದರೆ ಆ ಕುಟುಂಬಗಳ ಸ್ಥಿತಿ ನಿಜವಾಗಿ ಸುಧಾರಿಸಿತೇ ಎಂದು ತಿಳಿಯುವುದು ಹೇಗೆ? ಎರಡು ವರ್ಷದ ನಂತರ ಹಣ ಪಡೆದವರನ್ನೇ ಕೇಳಿದರೆ ಸಾಲದೇ?
(ಚನ್ನಗಿರಿ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಸಾಲದು. 2022ರಲ್ಲಿ ವಾಣಿ ವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿದ್ದಿತು. ಮರುವರ್ಷವೇ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾದವು. ಯೋಜನೆಗೆ ಮುನ್ನ 2022ರಲ್ಲಿ ಒಮ್ಮೆ, ನಂತರ 2023ರಲ್ಲಿ ಒಮ್ಮೆ ಮನೆಗಳ ಲೆಕ್ಕ ಬರೆದುಕೊಂಡಿದ್ದರೆ, ಎಷ್ಟೇ ಒಳ್ಳೆಯ ಯೋಜನೆಯಾದರೂ ಅದು ಜನರನ್ನು ಬಡವರನ್ನಾಗಿ ಮಾಡಿದಂತೆ ಕಾಣುತ್ತಿತ್ತು. ಅದೇ 2023ರ ಆಗಸ್ಟ್ ಕೊನೆಯಲ್ಲಿ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಮನೆಯ ಯಜಮಾನಿಯ ಖಾತೆಗೆ ಬರತೊಡಗಿತು. ಜಮೀನಿದ್ದವರಿಗೆ ಪಿಎಂ ಕಿಸಾನ್‌ನ ವಾರ್ಷಿಕ 6,000 ರೂಪಾಯಿ ಮೊದಲಿನಿಂದಲೂ ಬರುತ್ತಿತ್ತು. ಇವುಗಳ ನಡುವೆ ಹುಲ್ಲು ಬೆಳೆಸಿದ್ದಕ್ಕೆ ಬಂದ ಹಣದ ಫಲ ಯಾವುದೆಂದು ಹಣ ಪಡೆದವರೂ ಬಿಡಿಸಿ ಹೇಳಲಾರರು.

ಕೇಳಬೇಕಾದದ್ದು ಬೇರೆ: ಈ ಹಣ ಬಾರದೇ ಇದ್ದಿದ್ದರೆ ಇದೇ ಮನೆ ಇಂದು ಹೇಗಿರುತ್ತಿತ್ತು? ಅದನ್ನು ಕಣ್ಣಾರೆ ನೋಡಲು ಸಾಧ್ಯವಿಲ್ಲವಾದ್ದರಿಂದ ಅದೇ ಮಳೆ, ಅದೇ ಮಣ್ಣು, ಅದೇ ಸಂತೆಯ ಧಾರಣೆ ಇರುವ, ಆದರೆ ಯೋಜನೆ ಬಾರದ ಊರುಗಳನ್ನು ಪಕ್ಕಕ್ಕಿಟ್ಟು, ಎರಡೂ ಕಡೆ ಮೊದಲು ಮತ್ತು ನಂತರ ಆದ ಬದಲಾವಣೆಗಳ ಅಂತರವನ್ನು ಲೆಕ್ಕ ಹಾಕುತ್ತಾರೆ. ಬರವೂ ಗೃಹಲಕ್ಷ್ಮಿಯೂ ಎರಡೂ ಕಡೆ ಬಂದಿರುವುದರಿಂದ ಅವು ಹೆಚ್ಚುಕಡಿಮೆ ಪರಸ್ಪರ ವಜಾ ಆಗುತ್ತವೆ. ಅದೇ ಊರಿನಲ್ಲಿ ಸೇರದೆ ಉಳಿದವರ ಜೊತೆ ಹೋಲಿಸುವುದು ಮಾತ್ರ ಅಪಾಯ. ಮೊದಲು ಮುಂದೆ ಬರುವವರು ಸಾಮಾನ್ಯವಾಗಿ ದಾವಣಗೆರೆಯಲ್ಲಿ ಕೆಲಸದಲ್ಲಿರುವ ಮಗನಿರುವವರು, ಹೊಲ ಹೇಗೂ ಬೀಳುಬಿಟ್ಟವರು. ಅವರು ಯೋಜನೆಯಿಲ್ಲದೆಯೂ ಮುಂದಿರುತ್ತಿದ್ದರು.

ಮೆಕ್ಸಿಕೋ ಸರ್ಕಾರ 2003ರಿಂದ ನೀರಿನ ಶುಲ್ಕದ ಹಣದಿಂದ ಅರಣ್ಯದ ಒಡೆಯರಿಗೆ ಇಂಥ ಪಾವತಿ ಮಾಡುತ್ತಾ ಬಂದಿದೆ. ಅದನ್ನು ಅಧ್ಯಯನ ಮಾಡಿದವರು ಹಣ ಪಡೆದವರನ್ನು, ಅರ್ಜಿ ಹಾಕಿಯೂ ಸಿಗದೆ ಹೋದವರೊಂದಿಗೆ ಹೋಲಿಸಿದರು. ಸೇರುವ ಮನಸ್ಸು ಎರಡೂ ಗುಂಪಿಗೆ ಇತ್ತಲ್ಲ, ಅದಕ್ಕಾಗಿ. 2015ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ, ಯೋಜನೆಯಿಲ್ಲದಿದ್ದರೆ ಆಗುತ್ತಿದ್ದ ಹಸಿರಿನ ನಷ್ಟ ಶೇಕಡಾ 40ರಿಂದ 51ರಷ್ಟು ತಗ್ಗಿತು. ಬಡತನವೂ ಇಳಿಯಿತು, ಆದರೆ ಸ್ವಲ್ಪವೇ. ನನ್ನ ಮಟ್ಟಿಗೆ ಹೆಚ್ಚು ಮುಖ್ಯವಾದದ್ದು ಅದರ ಇನ್ನೊಂದು ಫಲಿತಾಂಶ: ಕಾಡು ಕಡಿಯುವ ಒತ್ತಡ ಕಡಿಮೆ ಇದ್ದಲ್ಲಿ ಮನೆಗಳಿಗೆ ಲಾಭ ಹೆಚ್ಚಾಯಿತು, ಬಡತನ ಕಡಿಮೆ ಇದ್ದಲ್ಲಿ ಪರಿಸರಕ್ಕೆ ಲಾಭ ಹೆಚ್ಚಾಯಿತು. ಬಿಡುವುದಕ್ಕೆ ಹೆಚ್ಚೇನೂ ಇಲ್ಲದವನಿಗೆ ಬಂದ ಹಣವೆಲ್ಲ ಉಳಿತಾಯ, ನಿಜವಾಗಿ ಬೆಳೆ ಬಿಟ್ಟವನಿಗೆ ಅದು ಬರೀ ಪರಿಹಾರ. ಕೆರೆಯ ಹೂಳನ್ನೂ ಬಡತನವನ್ನೂ ಒಂದೇ ಹಣದಿಂದ ಇಳಿಸುತ್ತೇವೆ ಎಂದು ಯಾರಾದರೂ ಗ್ರಾಮಸಭೆಯಲ್ಲಿ ಭರವಸೆ ಕೊಟ್ಟರೆ ಈ ಫಲಿತಾಂಶವನ್ನು ಅವರ ಮುಂದಿಡಬಹುದು.

ಇನ್ನು ಒಂದು ಮನೆಯ ಲೆಕ್ಕ. ಅಂಕಿಗಳು ಕೇವಲ ಉದಾಹರಣೆಗೆ. ಒಂದು ಎಕರೆ ಮೆಕ್ಕೆಜೋಳದಲ್ಲಿ ಬೀಜ, ಗೊಬ್ಬರ, ಬಾಡಿಗೆ ಕಳೆದು 12,000 ರೂಪಾಯಿ, ದನಗಳಿಗೆ ಸಪ್ಪೆಯಾಗಿ 2,000 ರೂಪಾಯಿ, ಒಟ್ಟು 14,000 ಸಿಗುತ್ತಿತ್ತೆನ್ನಿ. ಯೋಜನೆ ಕೊಡುವುದು 8,000. ಮೇಲುನೋಟಕ್ಕೆ 6,000 ನಷ್ಟ. ಆದರೆ ಆ ಎಕರೆಗೆ ಗಂಡ ಹೆಂಡತಿ ಸೇರಿ 25 ಆಳಿನ ದಿನಗಳಷ್ಟು ದುಡಿಯುತ್ತಿದ್ದರು. ಆ ದಿನಗಳಿಗೆ 350 ರೂಪಾಯಿಯ ಕೂಲಿ ಸಿಕ್ಕರೆ 8,750 ಬಂದು, ನಷ್ಟದ ಬದಲು 2,750 ರೂಪಾಯಿ ಲಾಭವಾಗುತ್ತದೆ. ಚೀನಾ 1998ರ ಪ್ರವಾಹದ ನಂತರ, 1999ರಲ್ಲಿ, ಕಡಿದಾದ ಹೊಲಗಳನ್ನು ಮರ ಹುಲ್ಲಿಗೆ ಬಿಡಿಸಲು ಧಾನ್ಯವನ್ನೂ ಹಣವನ್ನೂ ಕೊಡತೊಡಗಿದಾಗ ಅಲ್ಲಿಯೂ ಮನೆಯ ದುಡಿಮೆ ಹೊಲದಿಂದ ಹೊರಗಿನ ಕೆಲಸಕ್ಕೆ ಸರಿಯಿತು. ನಮ್ಮಲ್ಲಿ ಆ ಹೊರಗಿನ ಕೆಲಸವೆಂದರೆ ಎಷ್ಟೋ ಸಲ ಬೆಂಗಳೂರಿಗೆ ಗುಳೆ ಹೋಗುವುದು. ಆದಾಯ ಹೆಚ್ಚಿತೆಂದು ಬರೆದುಕೊಂಡು ಮನೆಯಲ್ಲಿ ಮುದುಕರಷ್ಟೇ ಉಳಿದದ್ದನ್ನು ಬರೆದುಕೊಳ್ಳದ ಸಮೀಕ್ಷೆಯನ್ನು ನಾನಂತೂ ಒಪ್ಪುವುದಿಲ್ಲ.

ಮಳೆ ಕೈಕೊಟ್ಟ ವರ್ಷ ಇದೇ ಲೆಕ್ಕ ತಲೆಕೆಳಗಾಗುತ್ತದೆ. ಉತ್ತವನು ಬೀಜ ಗೊಬ್ಬರದ ಸಾಲವನ್ನೂ ಹೊತ್ತುಕೊಳ್ಳುತ್ತಾನೆ, ಬಿಟ್ಟವನಿಗೆ 8,000 ಖಚಿತ. ಚಳ್ಳಕೆರೆ, ಮೊಳಕಾಲ್ಮುರು, ಜಗಳೂರಿನಂಥ ತಾಲ್ಲೂಕುಗಳಲ್ಲಿ ಇಂಥ ಹಣದ ಬೆಲೆ ಇರುವುದು ಸರಾಸರಿ ಆದಾಯದಲ್ಲಿ ಅಲ್ಲ, ಕೆಟ್ಟ ವರ್ಷದಲ್ಲಿ ಎಂಬುದು ನನ್ನ ಅಭಿಪ್ರಾಯ. ಆದ್ದರಿಂದ ಒಳ್ಳೆಯ ಮಳೆಯ ಒಂದು ವರ್ಷ, ಕೆಟ್ಟದ್ದೊಂದು ವರ್ಷ ಎರಡನ್ನೂ ಹಿಡಿಯುವಷ್ಟು ಕಾಲ ಸಮೀಕ್ಷೆ ನಡೆಯಬೇಕು. ಆದಾಯವೊಂದನ್ನೇ ಕೇಳದೆ ಮನೆಯ ಖರ್ಚು, ಕೈಸಾಲ, ಮಾರಿದ ದನ, ಶಾಲೆ ಬಿಟ್ಟ ಮಕ್ಕಳು ಇವುಗಳನ್ನು ಕೇಳಬೇಕು. ಆದಾಯವನ್ನು ಯಾರೂ ಸರಿಯಾಗಿ ಹೇಳುವುದಿಲ್ಲ, ರೇಷನ್ ಕಾರ್ಡಿನ ಭಯ ಎಲ್ಲರಿಗೂ ಇರುತ್ತದೆ.

ಪ್ರಶ್ನೆ: ನಮಗೆ ಜಮೀನಿಲ್ಲ, ಕುರಿ ಮೇಯಿಸಿ ಬದುಕುತ್ತೇವೆ. ಗುಡ್ಡ, ಗೋಮಾಳಗಳನ್ನು ಕಾಯಲು ಹಣ ಕೊಡುತ್ತಾರೆಂದರೆ ಬೇಲಿ ಬೀಳುವುದು ನಮಗೇ ತಾನೆ? ಇಂಥ ಲೆಕ್ಕಗಳಲ್ಲಿ ನಾವು ಬರುತ್ತೇವೆಯೇ?
(ಚಳ್ಳಕೆರೆ ತಾಲ್ಲೂಕಿನ ಓದುಗರೊಬ್ಬರು)

ಉತ್ತರ: ಫಲಾನುಭವಿಗಳ ಪಟ್ಟಿ ಹಿಡಿದು ಹೊರಟ ಸಮೀಕ್ಷೆಯಲ್ಲಿ ನೀವು ಬರುವುದಿಲ್ಲ, ಏಕೆಂದರೆ ಆ ಪಟ್ಟಿ ಪಹಣಿಯಿಂದ ಹುಟ್ಟುತ್ತದೆ. ಪಹಣಿಯಲ್ಲಿ ಹೆಸರಿಲ್ಲದ ಬಗರ್ ಹುಕುಂ ಸಾಗುವಳಿದಾರರಿಗೂ ಗುತ್ತಿಗೆಗೆ ಮಾಡುವವರಿಗೂ ಇದೇ ಗತಿ: ಹಣ ಜಮೀನಿನ ಒಡೆಯನ ಖಾತೆಗೆ, ನಷ್ಟ ಉಳುತ್ತಿದ್ದವನಿಗೆ. ಅದಕ್ಕಾಗಿ ಊರಿನ ಎಲ್ಲ ಮನೆಗಳ ಪಟ್ಟಿಯಿಂದ ಆಯ್ಕೆ ಮಾಡಿ, ಜಮೀನಿಲ್ಲದವರ ಲೆಕ್ಕವನ್ನು ಪ್ರತ್ಯೇಕವಾಗಿ ತೋರಿಸಬೇಕೆಂದು ಒತ್ತಾಯಿಸುವುದು ನ್ಯಾಯ. ಕುರಿ ಹಿಂಡಿನ ಗಾತ್ರ, ಮೇವಿಗಾಗಿ ನಡೆಯುವ ದೂರ, ಸೌದೆಗೆ ಹೆಂಗಸರು ಕಳೆಯುವ ಹೊತ್ತು ಇವು ಆ ಲೆಕ್ಕದಲ್ಲಿ ಇರಬೇಕು. ಒಂದು ಗುಡ್ಡ ಮುಚ್ಚಿದರೆ ಹಿಂಡುಗಳು ಪಕ್ಕದ ಕಾವಲಿಗೆ ಹೋಗುವುದರಿಂದ ಹೋಲಿಕೆಗೆ ಆರಿಸಿದ ಊರೇ ಕೆಡುವ ಸಂಭವವೂ ಇದೆ. ಅದನ್ನು ಸ್ವಲ್ಪ ದೂರದಲ್ಲಿ ಆರಿಸಿಕೊಳ್ಳುವುದು ಒಳ್ಳೆಯದು.

ಜಮೀನಿಲ್ಲದವರನ್ನು ಒಳಗೆ ತಂದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಚಂಡೀಗಢದ ಸುಖನಾ ಕೆರೆಗೆ ಹೂಳು ತುಂಬುತ್ತಿದ್ದಾಗ, 1970ರ ದಶಕದಲ್ಲಿ, ಮೇಲಿನ ಸುಖೋಮಾಜ್ರಿ ಎಂಬ ಊರಿನವರು ಗುಡ್ಡದಲ್ಲಿ ಮೇಯಿಸುವುದನ್ನು ಬಿಟ್ಟರು. ಪ್ರತಿಯಾಗಿ ಸಣ್ಣ ಮಣ್ಣಿನ ಅಣೆಕಟ್ಟುಗಳ ನೀರು ಸಿಕ್ಕಿತು. ಆ ನೀರಿನಲ್ಲಿ ಜಮೀನಿಲ್ಲದ ಮನೆಗೂ ಪಾಲಿತ್ತು, ಬೇಡವಾದರೆ ಅದನ್ನು ಮಾರಬಹುದಿತ್ತು. ಚಿತ್ರದುರ್ಗ ಜಿಲ್ಲೆಯೂ ಸೇರಿದ್ದ ಸುಜಲ ಜಲಾನಯನ ಯೋಜನೆಯಲ್ಲಿ (2001ರಿಂದ 2009) ಜಮೀನಿಲ್ಲದವರಿಗೆ ಸ್ವಸಹಾಯ ಸಂಘಗಳ ಮೂಲಕ ಬೇರೆ ಹಣವಿತ್ತು. ಆದರೆ ಅದು ಬದು, ಚೆಕ್ ಡ್ಯಾಂಗಳ ಕಾಮಗಾರಿಯ ಯೋಜನೆ. ಭೂಮಿ ಕಾಯ್ದದ್ದಕ್ಕೆ ವರ್ಷ ವರ್ಷ ಕೊಡುವ ಹಣವಲ್ಲ. ಕಾಮಗಾರಿ ಮುಗಿದರೆ ಕೂಲಿಯೂ ಮುಗಿಯುತ್ತದೆ, ಮೇಯಿಸಬಾರದೆಂಬ ನಿರ್ಬಂಧ ಹಾಗೆ ಮುಗಿಯುವುದಿಲ್ಲ.

ಪ್ರಶ್ನೆ: ಹಣ ಕೊಡುವುದು ಮೇಲೋ, ಸಸಿ, ಜೇನುಪೆಟ್ಟಿಗೆಯಂಥ ವಸ್ತು ಕೊಡುವುದು ಮೇಲೋ?
(ಹಿರಿಯೂರಿನ ಓದುಗರೊಬ್ಬರು)

ಉತ್ತರ: ಬೊಲಿವಿಯಾದಲ್ಲಿ ಜೇನುಪೆಟ್ಟಿಗೆ, ಹಣ್ಣಿನ ಸಸಿ, ಮುಳ್ಳುತಂತಿಗಳನ್ನೇ ಕೊಡುವ ಪದ್ಧತಿಯಿದೆ. ನೀರಿಲ್ಲದ ಕಡೆ ಹಣ್ಣಿನ ಸಸಿ ಕೊಟ್ಟು ಅದನ್ನು ಆದಾಯವೆಂದು ಬರೆಯುವುದು ನನಗೆ ಸರಿಕಾಣದು, ನಮ್ಮ ಕಡೆಗೆ ಹಣವೇ ಮೇಲು. ಯಾರ ಖಾತೆಗೆ ಮತ್ತು ಯಾವಾಗ ಎಂಬುದು ಮೊತ್ತದಷ್ಟೇ ಮುಖ್ಯ. ಮುಂಗಾರಿಗೆ ಮುನ್ನ, ಬೀಜ ಗೊಬ್ಬರಕ್ಕೂ ಶಾಲೆಯ ಶುಲ್ಕಕ್ಕೂ ಬಡ್ಡಿಗೆ ಸಾಲ ಮಾಡುವ ಮೇ ತಿಂಗಳಲ್ಲಿ ಕೈಸೇರಿದರೆ ಅದೇ ಮೊತ್ತ ಬಡ್ಡಿಯನ್ನೂ ಉಳಿಸುತ್ತದೆ. ಆರು ತಿಂಗಳು ತಡವಾದರೆ ಅದು ಸಾಲ ಕೊಟ್ಟವನ ಕೈಗೇ ಹೋಗುತ್ತದೆ. ಹಾಗಾಗಿ ಹಣ ಬರುವ ತಿಂಗಳನ್ನೂ, ತಡವಾದರೆ ನಿರ್ಬಂಧ ಸಡಿಲವಾಗುತ್ತದೆ ಎಂಬುದನ್ನೂ ಒಪ್ಪಂದದಲ್ಲಿಯೇ ಬರೆಸಿಕೊಳ್ಳಿ.