ಕರೋಕೆ ಹಾಡುವವರ ಬಗ್ಗೆ ಹೆಚ್ಚು ಜನ ನೋಡದ ಒಳ್ಳೆಯ ಸಿನಿಮಾ ಯಾವುದು?

2000ದಲ್ಲಿ ಬಂದ ಹಾಲಿವುಡ್‌ನ ‘ಡ್ಯುಯೆಟ್ಸ್’ ನೋಡಿ. ಆರು ಜನ ಅಮೆರಿಕದ ಒಮಾಹಾದಲ್ಲಿ ನಡೆಯುವ ಕರೋಕೆ ಸ್ಪರ್ಧೆಗೆ ಹೊರಟಿರುತ್ತಾರೆ. ಬಹುಮಾನ 5,000 ಡಾಲರ್. ಆದರೆ ಕಥೆ ಇರುವುದು ಅವರ ಸಂಬಂಧಗಳಲ್ಲಿ.

ತಾಯಿಯ ಅಂತ್ಯಕ್ರಿಯೆಯಲ್ಲಿ ಅಪ್ಪನನ್ನು ಕಂಡ ಮಗಳು ಅವನ ಬೆನ್ನು ಬಿಡುವುದಿಲ್ಲ. ಆ ಪಾತ್ರ ಗ್ವಿನೆತ್ ಪಾಲ್ಟ್ರೋ ಅವರದ್ದು. ಚಿತ್ರದ ನಿರ್ದೇಶಕ ಬ್ರೂಸ್ ಪಾಲ್ಟ್ರೋ, ಗ್ವಿನೆತ್ ಅವರ ಸ್ವಂತ ತಂದೆ! ಅಪ್ಪನಾಗಿ ನಟಿಸಿದ ಹ್ಯೂಯಿ ಲೂಯಿಸ್ ನಿಜವಾಗಿಯೂ ರಾಕ್ ಗಾಯಕ. ಇಬ್ಬರೂ ಸೇರಿ ‘ಕ್ರೂಸಿನ್’ ಹಾಡುವಾಗ, ಮಾತಲ್ಲಿ ಆಗದ ರಾಜಿ ಹಾಡಲ್ಲಿ ಆಗುತ್ತದೆ.

ನನಗೆ ಜಾಸ್ತಿ ಇಷ್ಟವಾದದ್ದು ಮಾತ್ರ ನಟ ಪಾಲ್ ಜಿಯಾಮಟ್ಟಿ ಮಾಡಿದ ಪಾತ್ರ. ಊರೂರು ಸುತ್ತಿ ಸುಸ್ತಾದ ಸೇಲ್ಸ್‌ಮನ್, ಮನೆಯಲ್ಲಿ ಕೇಳುವವರಿಲ್ಲ. ಮನೆ ಬಿಟ್ಟು ಹೊರಟವನಿಗೆ ಜೈಲಿಂದ ತಪ್ಪಿಸಿಕೊಂಡವನೊಬ್ಬ ಜೊತೆಯಾಗುತ್ತಾನೆ. ಇಬ್ಬರೂ ಮೈಕ್ ಹಿಡಿದಾಗ ಈ ಸೇಲ್ಸ್‌ಮನ್‌ನ ಮುಖ ಅರಳುವುದಿದೆಯಲ್ಲ, ಅದಕ್ಕಾದರೂ ಒಮ್ಮೆ ನೋಡಲೇಬೇಕು.